ಉಡಿ ತುಂಬಿದ ಬಂದೂಕು

ಮನೆ ಹೊಕ್ಕ ಚಿರತೆ ಮೈಮೇಲೆ ಬಿದ್ದಾಗ ಅದರ ಗಂಟಲಿಗೇ ಭರ್ಜಿ ತುರುಕಿ ಕೊಂದವನು ಆಳಂದ ಸೀಮೆಯ ಹಂಪಯ್ಯ. ಅವನ ಮಗ ಚನ್ನು, ಜೋಳದ ಗೋದಾಮು ದೋಚಲು ಬಂದ ಮೂವರನ್ನು ಬಂದೂಕಿನ ಹಿಡಿಯಿಂದಲೇ ಬಡಿದು ಒಬ್ಬನ ದವಡೆ ಪುಡಿ ಮಾಡಿದವನು. ಚನ್ನುವಿನ ಮಗ ಗೋಪಿನಾಥ ಹೈದರಾಬಾದಿಗೆ ಬಂದು ಬ್ಯಾಂಕಿನ ಕಾವಲಿಗೆ ಸೇರಿದ. ಹೊಟ್ಟೆಗೆ ಚಾಕು ಬಿದ್ದರೂ ತಿಜೋರಿಯ ಬಾಗಿಲು ಬಿಟ್ಟು ಸರಿಯಲಿಲ್ಲ.

ಆ ಗೋಪಿನಾಥನ ಮಗ ಚಂದ್ರಾಮ. ಸನತ್‌ನಗರದ ಕಾರ್ಖಾನೆಯೊಂದರ ಗೇಟಿನಲ್ಲಿ ಎರಡು ನಳಿಗೆಯ ಬಂದೂಕು ಹಿಡಿದು ಇಪ್ಪತ್ತಾರು ವರ್ಷ ನಿಂತ. ಒಂದು ಗುಂಡನ್ನೂ ಹಾರಿಸಲಿಲ್ಲ. ಅದೇ ಅವನ ಹೆಮ್ಮೆ.

ನಾರಾಯಣಗೂಡದ ಬೆಳ್ಳಿ ವ್ಯಾಪಾರಿ ಕಲ್ಯಾಣಪ್ಪನ ಅಂಗಡಿಗೆ ಕಳ್ಳರು ನುಗ್ಗಿ ಆಳಿನ ತಲೆ ಒಡೆದು ಹೋದರು. ಆಮೇಲೆ ಆತ ಲೈಸೆನ್ಸ್ ಮಾಡಿಸಿ ಬಂದೂಕು ಕೊಂಡ. ಹಿಡಿಯುವುದನ್ನು ಕಲಿಸಲು ತನ್ನ ಊರ ಕಡೆಯವನೆಂದು ಚಂದ್ರಾಮನನ್ನು ಕರೆಸಿದ.

“ಖಾಲಿ ಐತಿ ಅಂತ ಯಾರ ಹೇಳಿದ್ರೂ ನಂಬಬ್ಯಾಡ್ರಿ ಸಾವ್ಕಾರ್ರ. ಕೈಗೆ ತಗೊಂಡ ಕೂಡ್ಲೆ ನಳಗಿ ಕೆಳಗ ಮಣಿಸಿ ಬಿಚ್ಚಿ ನಿಮ್ಮ ಕಣ್ಣಿಲೆ ನೋಡ್ರಿ. ಮೂತಿ ಮಂದಿ ಕಡೆ ಹೊಳ್ಳಬಾರ್ದು. ಹೊಡಿಯೂತನಕಾ ಕುದುರಿ, ಅಂದ್ರ ಟ್ರಿಗರ್ ಮ್ಯಾಲ ಬಳ್ಳು ಇಡಬಾರ್ದು. ಗುಂಡಿನ ತೋಟಾ ಬ್ಯಾರೆ ಪೆಟಗ್ಯಾಗ, ಕೀಲಿ ಹಾಕಿ.”

“ಇಷ್ಟ ಮಾಡೂದ್ರಾಗ ಕಳ್ಳ ಚಾ ಕುಡದು ಹೊಂಟಹೋಗ್ತಾನ ಚಂದ್ರಾಮಣ್ಣ.”

“ಹೋಗ್ಲಿರಿ. ಮನಿ ಮಂದಿ ಉಳೀತಾರ.”

ಮಹಾನವಮಿಯ ದಿನ ಖಂಡೇ ಪೂಜೆ. ಕಲ್ಯಾಣಪ್ಪನ ಮನೆಯ ಆಯುಧಗಳನ್ನೆಲ್ಲ ದೇವರ ಜಗುಲಿಯ ಮುಂದೆ ಜೋಡಿಸಿ ಬಂದೂಕಿಗೂ ಚೆಂಡುಹೂವು ಏರಿಸಿದ್ದರು. ಊಟದ ಹೊತ್ತಿಗೆ ಚಂದ್ರಾಮ ಬಂದ. ಕಲ್ಯಾಣಪ್ಪನ ಹೆಂಡತಿ ಪಾರ್ವತಿಬಾಯಿ ನಕ್ಕು, “ಹೊಸದಾಗಿ ಮನಿಗೆ ಬಂದದ್ದು. ಬರೇ ಉಡೀಲೆ ಹೆಂಗ ಪೂಜಿ ಮಾಡೂದು ಅಂತ ಉಡಿ ತುಂಬೀವಿ ನೋಡ್ರಿ,” ಅಂದಳು. ಮದುವಣಗಿತ್ತಿಯ ಸೆರಗಿಗೆ ಅಕ್ಕಿ, ಕಾಯಿ ತುಂಬುವಂತೆ, ನಳಿಗೆಗಳಿಗೆ ಅರಿಶಿನ ಹಚ್ಚಿದ ಎರಡು ತೋಟಾ ತುಂಬಿದ್ದರು.

ಅಷ್ಟರಲ್ಲಿ ಕಲ್ಯಾಣಪ್ಪ ಅದನ್ನೆತ್ತಿ ತೋರಿಸುತ್ತ ತಿರುಗಿದ್ದ. ಬೆರಳು ಕುದುರೆಯ ಮೇಲೆ. ಮೂತಿಯ ನೇರಕ್ಕೆ ಸೊಸೆ ಸ್ನೇಹಲತಾ ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದಳು.

ಚಂದ್ರಾಮ ಹಾರಿ ಎಡಗೈಯಿಂದ ನಳಿಗೆಯ ತುದಿಯನ್ನು ಮೇಲಕ್ಕೆ ದಬ್ಬಿದ. ಗುಂಡು ಹಾರಿತು. ಚಾವಣಿಯ ಗಾರೆ ಹೋಳಿಗೆಯ ಮೇಲೆ ಉದುರಿತು, ರಕ್ತ ರಂಗೋಲಿಯ ಮೇಲೆ ಚಿಮ್ಮಿತು. ಚಂದ್ರಾಮನ ಎಡಗೈಯ ಕಿರುಬೆರಳು, ಉಂಗುರದ ಬೆರಳು ಇದ್ದ ಜಾಗದಲ್ಲಿ ಬಿಳಿ ಎಲುಬಿನ ಚೂರು ಕಾಣುತ್ತಿತ್ತು. ಇನ್ನೊಂದು ನಳಿಗೆ ತುಂಬಿಯೇ ಇತ್ತು, ಕಲ್ಯಾಣಪ್ಪನ ಬೆರಳು ಕುದುರೆಯ ಮೇಲೇ ಇತ್ತು. ಚಂದ್ರಾಮ ಅವನ ಮಣಿಕಟ್ಟಿಗೆ ಮೊಳಕೈಯಿಂದ ಗುದ್ದಿ ಬಂದೂಕು ಕಿತ್ತುಕೊಂಡ. ಬಿಚ್ಚಿದ, ತೋಟಾ ತೆಗೆದ, ಮೂತಿ ಗೋಡೆಗೆ ಮಾಡಿ ನೆಲಕ್ಕಿಟ್ಟ. ಆಮೇಲೆ ಸಾವ್ಕಾರನ ಕೆನ್ನೆಗೆ ಬಲಗೈಯಿಂದ ಬಾರಿಸಿದ. ಆಮೇಲೆಯೇ ಕುಸಿದು ಕೂತ.

ಪೊಲೀಸರು ಬಂದರು, ಬಂದೂಕು ಠಾಣೆ ಸೇರಿತು. ಚಂದ್ರಾಮ ಇದ್ದದ್ದನ್ನು ಇದ್ದಂತೆ ಹೇಳಿದ.

ಮೂರು ತಿಂಗಳ ಮೇಲೆ ಕಾರ್ಖಾನೆಯ ಮ್ಯಾನೇಜರ್ ಉಪೇಂದ್ರ ಅವನನ್ನು ಕರೆಸಿದ. ಬಂದೂಕು ತುಂಬಿ, ಖಾಲಿ ಮಾಡಿ ತೋರಿಸಿದರೆ ಮತ್ತೆ ಗೇಟು, ಇಲ್ಲದಿದ್ದರೆ ಮನೆ ಅಂದ. ಚಂದ್ರಾಮನ ಪರವಾಗಿ ಮಾತಾಡಲು ಕಲ್ಯಾಣಪ್ಪನೂ ಬಂದಿದ್ದ.

ಚಂದ್ರಾಮ ಹಿಡಿಯನ್ನು ಕಂಕುಳಲ್ಲಿ ಅವುಚಿ, ಮೂತಿ ಮರಳಿನ ಚೀಲದ ಕಡೆ ಮಾಡಿ, ಬಂದೂಕು ಬಿಚ್ಚಿದ. ತೋಟಾ ತುಂಬಿ ಮುಚ್ಚಿದ. ಮತ್ತೆ ಬಿಚ್ಚಬೇಕು. ಎಡಗೈಯಲ್ಲಿ ಉಳಿದ ಮೂರು ಬೆರಳು ನಳಿಗೆಯನ್ನು ಕೆಳಕ್ಕೆ ಒತ್ತಿದವು, ಅದು ಮಣಿಯಲಿಲ್ಲ. ಗಾಯದ ಮೇಲಿನ ಎಳೆಯ ಚರ್ಮ ಸೀಳಿ ರಕ್ತ ಕಬ್ಬಿಣದ ಮೇಲೆ ಇಳಿಯತೊಡಗಿತು.

“ಸಾಕ್ ಬಿಡೋ, ಕೈ ಹೋದೀತು,” ಅಂದ ಉಪೇಂದ್ರ.

ಕಲ್ಯಾಣಪ್ಪನಿಗೆ ತಡೆಯಲಾಗಲಿಲ್ಲ. “ನಾ ಹಿಡೀತೀನಿ ತಡಿ,” ಎಂದು ನಳಿಗೆಗೆ ಕೈ ಚಾಚಿದ.

ಚಂದ್ರಾಮ ತಲೆ ಎತ್ತಲಿಲ್ಲ. “ಹಿಂದಕ್ಕ ಸರೀರಿ ಸಾವ್ಕಾರ್ರ. ತುಂಬಿದ ಬಂದೂಕಿಗೆ ಒಬ್ಬನ ಕೈ ಇರಬೇಕು. ಎರಡನೇದು ಬಂದ್ರ ಯಾರ ಬಳ್ಳು ಎಲ್ಲೈತಿ ಗೊತ್ತಾಗಂಗಿಲ್ಲ. ರಕ್ತ ಹೋದ್ರ ಹೋಗ್ಲಿ, ನಾನ ಬಿಚ್ಚತೀನಿ.”