ರುದ್ರಪ್ಪನವರ ಗಾಳಿ ಯಂತ್ರ

ಬಸ್ ಡ್ರೈವರ್ ರುದ್ರಪ್ಪನವರು ಮಾತಾಡುತ್ತಾ ಮಾತಾಡುತ್ತಾ ನಿಂತಲ್ಲೇ ನಿದ್ದೆ ಹೋಗುತ್ತಿದ್ದರು. ಮಲಗಿದರೆ ಮಾತ್ರ ಅವರಿಗೆ ನಿದ್ದೆ ಇರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಎದುರು ಎಸ್‌ಟಿಡಿ ಬೂತ್ ಇಟ್ಟುಕೊಂಡಿದ್ದೆ. ಸೊರಬದ ಟ್ರಿಪ್ ಮುಗಿಸಿ ಬಂದು ಅವರು ನನ್ನ ಬೆಂಚಿನ ಮೇಲೆ ಕೂರುತ್ತಿದ್ದರು. ದಪ್ಪ ಕುತ್ತಿಗೆ, ಇಸ್ತ್ರಿ ಮಾಡಿದ ಖಾಕಿ, ಬಾಯಲ್ಲಿ ಸದಾ ಒಂದು ಲವಂಗ. "ಇದು ಕಚ್ಕೊಂಡಿದ್ರೆ ಕಣ್ಣು ಮುಚ್ಚಂಗಿಲ್ರೀ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅಂಬ್ಲಿಗೊಳದ ಹತ್ತಿರ ಲವಂಗವೂ ಕೈಕೊಟ್ಟಿತು. ಬಸ್ಸು ರಸ್ತೆ ಬಿಟ್ಟು ಗದ್ದೆಗಿಳಿದು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. "ಕುಡಿದಾನೆ" ಎಂದು ಜನ ಬೈದರು. ಜನ್ಮದಲ್ಲಿ ಹೆಂಡ ಮುಟ್ಟದ ಮನುಷ್ಯ ಎದುರಾಡದೆ ಕೆಳಗಿಳಿದು, ಕಂಡಕ್ಟರನಿಗೆ "ಇನ್ನ ನಾನು ಸ್ಟೇರಿಂಗ್ ಮುಟ್ಟಂಗಿಲ್ಲಪ್ಪ" ಎಂದರಂತೆ.

ಬೆಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿ, ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಮತ್ತೆ ಮತ್ತೆ ಉಸಿರು ನಿಲ್ಲುತ್ತಿದೆ ಎಂದರು. ಮೂಗಿಗೆ ಮುಖವಾಡ ಕಟ್ಟಿ ಗಾಳಿ ಒತ್ತುವ ಯಂತ್ರವೊಂದನ್ನು ಕಂಪನಿಯವರಿಂದ ಪ್ರಯೋಗಕ್ಕೆ ಕೊಡಿಸಿದರು. ಗಾಳಿಯ ರಭಸ ಏರಿಸಿ ಇಳಿಸುವ ತಿರುಪಿನ ಮೇಲೆ ಕಂಪನಿಯ ಸೀಲಿತ್ತು.

ಆ ರಭಸವನ್ನು ಅವರಿಗೆ ತಡೆಯಲಾಗಲಿಲ್ಲ. ಉಸಿರು ಹೊರಬಿಡಲಾಗದೆ, ಹೊಟ್ಟೆ ಉಬ್ಬಿ, ಮುಖವಾಡ ಕಿತ್ತೆಸೆದು ಎದ್ದು ಕೂರುತ್ತಿದ್ದರು. ದಿನಾ ಬೂತಿಗೆ ಬಂದು ಫೋನ್ ಮಾಡುತ್ತಿದ್ದರು. ಡಾಕ್ಟರು ಸಿಗುತ್ತಿರಲಿಲ್ಲ. ಕಂಪನಿಯವನದು ಒಂದೇ ಮಾತು: "ಪೇಷಂಟ್‌ಗಳು ಮುಟ್ಟೋ ಹಾಗಿಲ್ಲ."

ಒಂದು ದಿನ ಅವನ ಮೇಲೆ ಕೂಗಾಡಿಬಿಟ್ಟರು. "ಐವತ್ತು ಜನರ ಜೀವ ನನ್ನ ಕೈಗೆ ಕೊಟ್ಟು ಬಸ್ ಓಡ್ಸು ಅಂದಿದ್ರಲ್ರೀ! ನನ್ನ ಮೂಗಿನ ಗಾಳಿ ತಿರುವಾಕೆ ನಂಗೆ ಬುದ್ಧಿ ಇಲ್ಲೇನ್ರೀ?" ಫೋನಿಟ್ಟು, ಗಾಜಿಗೆ ಹಣೆಯಾನಿಸಿ ಅತ್ತರು. "ಅವರಿಗೆ ಗೊತ್ತಿರುತ್ತೆ, ಮುಟ್ಟಬೇಡ್ರಿ" ಎಂದೆ. ನಾನು ಆ ಮಾತು ಆಡಬಾರದಿತ್ತು.

ರುದ್ರಪ್ಪನವರು ಮನೆಗೆ ಹೋಗಿ ಸೀಲು ಒಡೆದರು. ಹೆಂಡತಿ ಗೌರಮ್ಮ ಪಕ್ಕದಲ್ಲಿ ಎಚ್ಚರವಿದ್ದು ಉಸಿರು ಗಮನಿಸಿದರು. ತೀರಾ ಇಳಿಸಿದಾಗ ಉಸಿರು ಮತ್ತೆ ನಿಂತಿತು, ಚೂರು ಏರಿಸಿದರು. ಯಾವ ಗೆರೆಗೆ ಇಟ್ಟಾಗ ಹೇಗಿತ್ತೆಂದು ಹಳೆಯ ಟ್ರಿಪ್ ಶೀಟಿನ ಹಿಂದೆ ಬರೆದಿಟ್ಟರು. ಒಂದು ವಾರ ರುದ್ರಪ್ಪನವರ ಮುಖವೇ ಬೇರೆಯಾಗಿತ್ತು. ನನ್ನ ಬೆಂಚಿನ ಮೇಲೆ ಕೂತು ಪೇಪರನ್ನು ಕೊನೆಯ ಪುಟದವರೆಗೂ ಓದುತ್ತಿದ್ದರು.

ಅಷ್ಟರಲ್ಲಿ ಕಂಪನಿಯವನು ತಪಾಸಣೆಗೆ ಬಂದ. ಒಡೆದ ಸೀಲು ನೋಡಿ ಯಂತ್ರ ಎತ್ತಿಕೊಂಡ. ಗೌರಮ್ಮ ಬಾಗಿಲಿಗೆ ಅಡ್ಡ ನಿಂತರೂ ಕೇಳದೆ ಹೊತ್ತುಕೊಂಡು ಹೋದ.

ಮತ್ತೆ ಫೋನುಗಳು. ಮೂರನೆಯ ವಾರ ಕೊನೆಗೂ ಡಾಕ್ಟರು ಲೈನಿಗೆ ಬಂದಾಗ ರುದ್ರಪ್ಪನವರು ರಿಸೀವರ್ ಹಿಡಿದುಕೊಂಡೇ ನಿದ್ದೆ ಹೋಗಿದ್ದರು. ನಾನೇ ತೆಗೆದುಕೊಂಡು, ಎಲ್ಲ ತಿಳಿಸಿ, ಅವರ ಜೇಬಿನಲ್ಲಿದ್ದ ಟ್ರಿಪ್ ಶೀಟಿನ ಹಿಂದೆ ಬರೆದಿದ್ದನ್ನು ಓದಿದೆ. ಡಾಕ್ಟರು ಅದನ್ನು ಇನ್ನೊಮ್ಮೆ ಓದಿಸಿಕೊಂಡರು. ಆಮೇಲೆ, "ಅವರು ಇಟ್ಟುಕೊಂಡಿದ್ದೇ ಸರಿ. ನಾವು ಜಾಸ್ತಿ ಇಟ್ಟಿದ್ವಿ. ಯಂತ್ರ ವಾಪಸ್ ಕಳಿಸೋಕೆ ಹೇಳ್ತೀನಿ" ಎಂದರು.

ಅಲುಗಾಡಿಸಿ ಎಬ್ಬಿಸಿ ಹೇಳಿದೆ. ಕಣ್ಣುಜ್ಜಿಕೊಂಡು "ಇನ್ನೊಮ್ಮೆ ಹೇಳ್ರಿ" ಎಂದರು. ಇನ್ನೊಮ್ಮೆ ಹೇಳಿದೆ. "ಗೌರಿಗೆ ಹೇಳ್ಬೇಕು" ಎನ್ನುತ್ತಾ ಎದ್ದು ಹೋದರು. ಮತ್ತೆ ನಾನವರನ್ನು ಜೀವಂತ ನೋಡಲಿಲ್ಲ.

ಹತ್ತು ದಿನ ಕಳೆದು ಕಂಪನಿಯ ಹೊಸಬನೊಬ್ಬ ಪೆಟ್ಟಿಗೆ ಹಿಡಿದು ಬೂತಿಗೆ ಬಂದು ರುದ್ರಪ್ಪನವರ ಮನೆ ಕೇಳಿದ. "ಈ ಸಲ ಸೀಲ್ ಹಾಕಿಲ್ಲ ಸರ್, ಅವರೇ ತಿರುಗಿಸ್ಕೋಬಹುದು" ಎಂದ. ರುದ್ರಪ್ಪನವರು ಮಲಗಿದಲ್ಲೇ ತೀರಿಕೊಂಡು ಆಗಲೇ ಮೂರು ದಿನವಾಗಿತ್ತು. ನಾನು ಮನೆ ತೋರಿಸಲಿಲ್ಲ. ಆ ಪೆಟ್ಟಿಗೆ ಗೌರಮ್ಮನ ಕಣ್ಣಿಗೆ ಬೀಳುವುದು ಬೇಡವೆಂದು ಅವನನ್ನು ಶಿವಮೊಗ್ಗದ ಬಸ್ಸಿಗೆ ಹತ್ತಿಸಿ, ಬಸ್ಸು ಹೊರಡುವವರೆಗೂ ಅಲ್ಲೇ ನಿಂತಿದ್ದೆ.