ಲಾರಿಗೆ ಕಟ್ಟಿದ ಸೈಕಲ್ಲು

2023ರ ಫೆಬ್ರವರಿ 12, ಭಾನುವಾರ. ಆಧಾರ: ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಇಂದಿಗೂ ತೂಗುತ್ತಿರುವ ಆ ವರ್ಷದ ಕ್ಯಾಲೆಂಡರು. ಆ ದಿನದ ಚೌಕದಲ್ಲಿ ನನ್ನ ಪತ್ನಿ ಗಿರಿಜೆಯ ಕೈಬರಹದಲ್ಲಿ ‘ಗ್ಯಾಸ್ ಬಂತು’ ಎಂಬ ಎರಡು ಪದಗಳಿವೆ. ಅದೇ ಬೆಳಿಗ್ಗೆ ನನ್ನ ಸೈಕಲ್ಲು ನನ್ನನ್ನು ಬಿಟ್ಟು ಒಂದು ಲಾರಿಯ ಹಿಂದೆ ಹೊರಟುಹೋದ ಸಂಗತಿಯನ್ನು ಈ ಆಕರ ದಾಖಲಿಸುವುದಿಲ್ಲ. ಸಮಕಾಲೀನ ದಾಖಲೆಗಳ ಸ್ವಭಾವವೇ ಹಾಗೆ; ರಾಜ್ಯ ಉರುಳಿದ್ದನ್ನು ಬಿಟ್ಟು ದೀಪಕ್ಕೆ ಎಣ್ಣೆ ಹಾಕಿದ್ದನ್ನು ಬರೆದಿಡುತ್ತವೆ.

ಇಂದು ಬಾಲ್ಕನಿಯಲ್ಲಿ ಕುಳಿತು, ಪಂಕ್ಚರಾದ ಟ್ಯೂಬಿಗೆ ತೇಪೆ ಹಾಕಲೆಂದು ಸಲ್ಯೂಷನ್ನಿನ ಮುಚ್ಚಳ ತಿರುಗಿಸಿದೆ. ಆ ಘಾಟು ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಭಾನುವಾರ ಇಡಿಯಾಗಿ ಎದ್ದು ಬಂತು. ಪೀಣ್ಯದ ಸುತ್ತ ಸೈಕಲ್ ತುಳಿಯುವವರಿಗೆ ಈ ವಾಸನೆ ಅಪರಿಚಿತವಲ್ಲ. ಇಲ್ಲಿನ ರಸ್ತೆಗಳ ಮೇಲೆ ಲೇತ್ ಯಂತ್ರಗಳು ಕೆರೆದು ಬಿಸುಟ ಕಬ್ಬಿಣದ ಸುರುಳಿಗಳು ಬಿದ್ದಿರುತ್ತವೆ. ಎಳೆಬಿಸಿಲಿನಲ್ಲಿ ಬೆಳ್ಳಿಯ ಗೆಜ್ಜೆಯಂತೆ ಹೊಳೆಯುವ ಅವನ್ನು ಮೆಚ್ಚಿ ನೋಡುತ್ತಿರುವಾಗಲೇ ಟಯರು ಬುಸ್ಸೆಂದು ತನ್ನ ಅಭಿಪ್ರಾಯವನ್ನು ತಿಳಿಸಿಬಿಡುತ್ತದೆ.

ನಾಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನಿಂದ ಭಾನುವಾರದ ಸವಾರಿಗೆ ಹೊರಡುತ್ತಿದ್ದವರು ಇಬ್ಬರೇ: ನಾನು ಮತ್ತು ದಾವಣಗೆರೆಯ ಕಡೆಯ ನಿವೃತ್ತ ಎಂಜಿನಿಯರ್ ಶಿವಯೋಗಪ್ಪನವರು. ಪೂಜೆ ಮುಗಿಸಿ ಹಣೆತುಂಬ ವಿಭೂತಿ ಧರಿಸಿದ ಮೇಲೆಯೇ ಅವರು ಹೆಲ್ಮೆಟ್ ಧರಿಸುವವರು. ಕೆಳಗೆ ತೆಗೆದಿಟ್ಟಾಗ ಮೂರು ಪಟ್ಟೆಗಳಲ್ಲಿ ಒಂದು ಹೆಲ್ಮೆಟ್ಟಿಗೆ ವರ್ಗಾವಣೆಯಾಗಿರುತ್ತಿತ್ತು. ಆರೋಗ್ಯಕ್ಕಾಗಿ ಸೈಕಲ್ ತುಳಿಯುತ್ತೇವೆಂದು ಊರಿಗೆಲ್ಲ ಸಾರಿದ್ದೆವು. ತುಳಿಯುತ್ತಿದ್ದುದು ಮಾದನಾಯಕನಹಳ್ಳಿಗೆ ತುಸು ಈಚೆ ಇರುವ ತಟ್ಟೆ ಇಡ್ಲಿಯ ಹೋಟೆಲಿನವರೆಗೆ. ಕರಗಿಸಿದ ಕೊಬ್ಬನ್ನು ಬೆಣ್ಣೆಯ ರೂಪದಲ್ಲಿ ಅಲ್ಲಿಯೇ ಮರಳಿ ಪಡೆದು ಮನೆ ಸೇರುತ್ತಿದ್ದೆವು.

ಆದರೆ ನನ್ನ ಸವಾರಿಗೆ ಒಂದು ಷರತ್ತು ಇತ್ತು. ಹಿಂದಿನ ತಿಂಗಳಷ್ಟೇ ನಾನು ರಸ್ತೆಯ ಉಬ್ಬೊಂದರ ಮೇಲೆ ಹಾರಿ ಮುಂಗೈ ಉಳುಕಿಸಿಕೊಂಡಿದ್ದೆ. ಬ್ಯಾಂಡೇಜು ಬಿಚ್ಚಿದ ದಿನ ಗಿರಿಜೆ ತೀರ್ಪು ಕೊಟ್ಟಿದ್ದಳು: “ರೀ, ಇನ್ನೊಂದು ಸಲ ಏನಾದ್ರೂ ಎಡವಟ್ಟು ಮಾಡ್ಕೊಂಡು ಅಲ್ಲಿಂದ ನನಗೆ ಫೋನ್ ಮಾಡಿದ್ರೋ, ಅವತ್ತೇ ಸೈಕಲ್ ಮಾರಿಬಿಡ್ತೀನಿ. ಆಮೇಲೆ ಪಾರ್ಕಲ್ಲಿ ಎಂಟರ ಆಕಾರದಲ್ಲಿ ಸುತ್ತು ಹಾಕ್ಕೊಂಡು ಓಡಾಡಿ.” ಪಾರ್ಕಿನಲ್ಲಿ ಬೆಂಚು ಹಿಡಿದು ರಕ್ತದೊತ್ತಡಗಳನ್ನು ಹೋಲಿಸಿಕೊಳ್ಳುವ ನನ್ನ ವಯಸ್ಸಿನವರ ಮುಖಗಳು ಕಣ್ಣೆದುರು ಬಂದವು. ವಾರದ ಆರು ದಿನಗಳನ್ನು ನಾನು ಬದುಕುತ್ತಿದ್ದುದೇ ಏಳನೆಯದಕ್ಕಾಗಿ.

ಆ ದಿನ ಹೋಟೆಲಿನ ಕಂಬಗಳಿಗೆಲ್ಲ ಬೈಕುಗಳು ಒರಗಿದ್ದವು. ಎದುರಿಗೆ ಒಂದು ಲಾರಿ ನಿಂತಿತ್ತು. ನಾನು ನಲವತ್ತು ವರ್ಷ ಶಾಸನ, ಮಣ್ಣಿನ ಪದರ, ಪಾಚಿ, ಗೆದ್ದಲುಗಳ ನಡುವೆ ಬದುಕಿದವನು. ಲಾರಿಯನ್ನೂ ಶಾಸ್ತ್ರೋಕ್ತವಾಗಿಯೇ ಪರಿಶೀಲಿಸಿದೆ. ಟಾರ್ಪಾಲಿನ ಮೇಲೆ ಬೆರಳು ದಪ್ಪದ ಧೂಳಿನ ಪದರ. ಹಲಗೆಯ ಸಂದಿನಲ್ಲಿ ಒಂದು ಅರಳಿಸಸಿ. ಚಕ್ರಗಳ ಸುತ್ತ ಗರಿಕೆ.

“ಇದು ಕನಿಷ್ಠ ಒಂದು ಮಳೆಗಾಲದಿಂದ ಕದಲಿಲ್ಲ” ಎಂದು ಘೋಷಿಸಿ, ಲಾರಿಯ ಹಿಂಬದಿಯ ಕಬ್ಬಿಣದ ಕೊಂಡಿಗೆ ಸೈಕಲ್ಲಿನ ಕತ್ತನ್ನು ಹೊಸ ನಂಬರ್ ಬೀಗದಿಂದ ಬಿಗಿದೆ. ಅಂಕಿಗಳನ್ನು ಕಲಕಿ ಕೈ ಕೊಡವಿಕೊಂಡೆ. ಶಿವಯೋಗಪ್ಪನವರು ತಮ್ಮ ಸೈಕಲ್ಲನ್ನು ಹೋಟೆಲಿನ ಮೆಟ್ಟಿಲಿಗೇ ಒರಗಿಸಿದರು. ಅವರಿಗೆ ಸಂಶೋಧನೆಯಲ್ಲಿ ನಂಬಿಕೆ ಕಡಿಮೆ.

ಎರಡನೆಯ ಇಡ್ಲಿಯ ಮೇಲೆ ಬೆಣ್ಣೆ ಇನ್ನೂ ಕರಗಿರಲಿಲ್ಲ. ಒಂದು ಮಳೆಗಾಲದ ನಿದ್ರೆಯಿಂದ ಲಾರಿ ಗುರ್ರೆಂದು ಎದ್ದು, ನಮ್ಮ ಕಣ್ಣೆದುರೇ ಸರ್ವಿಸ್ ರಸ್ತೆಗೆ ಇಳಿಯಿತು. ಸಂತೆಗೆ ಹೊರಟ ಗಾಡಿಯ ಹಿಂದೆ ಕಟ್ಟಿದ ಕರುವಿನಂತೆ ನನ್ನ ಸೈಕಲ್ಲು ಕತ್ತೆತ್ತಿಕೊಂಡು ಅದರ ಹಿಂದೆ ಪುಟುಪುಟು ಹೊರಟಿತು. ಬೀಳಲಿಲ್ಲ, ಒದರಲಿಲ್ಲ. ನನ್ನ ಕೈಯಲ್ಲಿ ಅದು ಅಷ್ಟು ನೇರವಾಗಿ ಎಂದೂ ಓಡಿರಲಿಲ್ಲ.

“ನೋಡಣ್ಣ, ಸೈಕಲ್ಲು ಒಂದೇ ಓಯ್ತಾ ಅದೆ!” ಎಂದು ಇಡ್ಲಿ ಬೇಯಿಸುತ್ತಿದ್ದ ಹೆಂಗಸು ಸಟ್ಟುಗವನ್ನೇ ತೋರುಬೆರಳು ಮಾಡಿದಳು.

“ಏನ್ರೀ ನೀವು, ನಿಂತಿರೋ ಲಾರೀನ ಗುಡಿ ಅನ್ಕಂಡ್ರೇನ್ರಿ?” ಎಂದು ಶಿವಯೋಗಪ್ಪನವರು ತಮ್ಮ ಸೈಕಲ್ಲನ್ನು ಹೊರಳಿಸಿದರು. “ಹತ್ರಿ, ಹತ್ರಿ! ಆಮೇಲೆ ಕೈ ತೊಳೆಯೋರಂತೆ!”

ಹಿಂದೆ ಕ್ಯಾರಿಯರಿಲ್ಲದ, ಗೇರುಗಳ ಸೈಕಲ್ಲದು. ಒಬ್ಬರು ಸೀಟಿನ ಮೇಲೆ, ಇನ್ನೊಬ್ಬರು ಮುಂದಿನ ಕೊಳವೆಯ ಮೇಲೆ, ಬೇರೆ ದಾರಿಯಿರಲಿಲ್ಲ. ತುಳಿದವನು ನಾನು. ಶಿವಯೋಗಪ್ಪನವರು ಮುಂದೆ ಕುಳಿತು ಮೊಣಕಾಲುಗಳನ್ನು ಎದೆಗೆ ಸೇರಿಸಿ ದಾರಿ ಹೇಳುತ್ತಿದ್ದರು. ಇದನ್ನು ನಾನು ಅನೇಕರೆದುರು ಹೇಳಿದ್ದೇನೆ, ಇಲ್ಲಿಯೂ ಒತ್ತಿ ಹೇಳುತ್ತೇನೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಭೀತಿಯೊಂದೇ: ಸೈಕಲ್ಲು ಹೋದರೆ ಭಾನುವಾರ ಹೋಯಿತು.

ಪಿ.ಜಿ. ಒಂದರ ಮುಂದೆ ಚಹಾ ಕುಡಿಯುತ್ತಿದ್ದ ಹುಡುಗರು ಎದ್ದು ನಿಂತರು. “ಲೋ ಮಗಾ, ಸಕ್ಕತ್ ಡಬಲ್ಸ್ ಕಣೋ!” ಎಂದ ಒಬ್ಬ. “ಅಂಕಲ್, ಗೇರ್ ಹಾಕಿ, ಗೇರು!” ಎಂದ ಇನ್ನೊಬ್ಬ. ನಾವು ಗೇರು ಹಾಕಿದೆವು. ಚೈನು ಕಳಚಿತು. ಇಳಿದು ಹಾಕಿದೆವು. ಬೆಣ್ಣೆಯ ಕೈಗಳಿಗೆ ಗ್ರೀಸೂ ಸೇರಿತು.

ನಮ್ಮನ್ನು ಉಳಿಸಿದ್ದು ಮಾದನಾಯಕನಹಳ್ಳಿಯ ಗೋದಾಮು. ಅದರ ಗೇಟಿನ ಮುಂದೆ ಲಾರಿಗಳ ಸಾಲು ನಿಂತಿತ್ತು. ಸಾಲಿನ ನಡುವೆ ನಮ್ಮದೂ. ಚಾಲಕ ಕೆಳಗಿಳಿದು ಸೊಂಟದ ಮೇಲೆ ಕೈಯಿಟ್ಟು ನನ್ನ ಸೈಕಲ್ಲನ್ನು ನೋಡುತ್ತಿದ್ದ. ಯಾದಗಿರಿಯ ಕಡೆಯವನೆಂದು ಮಾತಿನಿಂದ ತಿಳಿಯಿತು.

“ಏನ್ರೀ ಸಾಹೇಬ್ರ, ನನ್ನ ಗಾಡಿಗಿ ಸೈಕಲ್ ಯಾಕ ಕಟ್ಟೀರಿ? ಹರಕಿ ಏನರ ಇತ್ತೇನು?”

“ನಿಮ್ಮ ಲಾರಿ ಬಹಳ ತಿಂಗಳಿಂದ ಅಲ್ಲೇ ನಿಂತಿದೆ ಎಂದು...”

“ನಿನ್ನಿ ಸಂಜಿಗಿ ನಿಂದ್ರಿಸೀನ್ರಿ! ಜಲ್ಲಿ ಕ್ರಷರಿಂದ ಬಂದದ, ಧೂಳ ಇರಲಾರ್ದ ಏನ್ ಅತ್ತರ ಇರ್ತದೇನು?”

ಗರಿಕೆ ಚಕ್ರದ ಸುತ್ತ ಬೆಳೆದಿರಲಿಲ್ಲ. ಚಕ್ರವೇ ಗರಿಕೆಯ ಮೇಲೆ ಬಂದು ನಿಂತಿತ್ತು. ಅರಳಿಸಸಿಯಾದರೋ ಲಾರಿಯೊಡನೆ ದೇಶ ಸುತ್ತುವ ಯಾತ್ರಿಕ.

ಬೀಗ ತೆಗೆಯಬೇಕಿತ್ತು. ನಾಲ್ಕು ಅಂಕಿಗಳು. ನಾನು ಬಹುಕಾಲ ದುಡಿದ ಒಂದು ಶಾಸನದ ವರ್ಷವನ್ನು ಅದಕ್ಕೆ ಇಟ್ಟಿದ್ದೇನೆಂದು ನೆನಪಿತ್ತು. ಶಕವರ್ಷ ತಿರುಗಿಸಿದೆ, ತೆರೆಯಲಿಲ್ಲ. ಕ್ರಿಸ್ತಶಕಕ್ಕೆ ಪರಿವರ್ತಿಸಿದೆ, ತೆರೆಯಲಿಲ್ಲ. ಸಂವತ್ಸರ ತಾಳೆಯಾಗದ ಕಾರಣ ಆ ವರ್ಷವನ್ನು ನಾನೇ ಒಂದು ಲೇಖನದಲ್ಲಿ ಹಿಂದಕ್ಕೆ ಸರಿಸಿದ್ದೆ. ಆ ತಿದ್ದುಪಡಿಯನ್ನೂ ಪ್ರಯೋಗಿಸಿದೆ. ಸಾಲು ಮುಂದೆ ಸರಿದು, ಹಿಂದಿನ ಲಾರಿಗಳು ಒಟ್ಟಾಗಿ ಹಾರ್ನ್ ಹೊಡೆಯತೊಡಗಿದವು. ಶಿವಯೋಗಪ್ಪನವರು ಮೆಲ್ಲಗೆ ಅಂದರು: “ಮನೇಗೆ ಫೋನ್ ಮಾಡ್ರಿ. ನಿಮ್ಮ ವಿಷಯ ಎಲ್ಲ ಅವರಿಗೇ ಗೊತ್ತಿರೋದು.”

ಫೋನ್ ಮಾಡುವುದೆಂದರೆ ತೀರ್ಪಿಗೆ ಸಹಿ ಹಾಕುವುದು. ಆದರೂ ಮಾಡಿದೆ.

“ಒಂದ್ನಿಮಿಷ ಇರಿ, ಗ್ಯಾಸ್ ಬಂದಿದೆ” ಎಂದಳು ಗಿರಿಜೆ. ಸಿಲಿಂಡರು ಉರುಳುವ ಸದ್ದು ಕೇಳಿಸಿತು. ಚಾಲಕ ನನ್ನ ಫೋನಿಗೇ ಬಾಯಿಟ್ಟು, “ಯಕ್ಕಾ, ನಂಬರ್ ಹೇಳ್ರಿ, ಇಲ್ಲಾಂದ್ರ ಇವರ್ನೂ ಲೋಡ್ ಮಾಡ್ಕೊಂಡ್ ಹೊಂಟೆ!” ಎಂದು ಕೂಗಿದ.

ಗಿರಿಜೆ ಅವಸರವಿಲ್ಲದೆ ಹೇಳಿದಳು: “ನಾಲ್ಕು ಸೊನ್ನೆ. ಅಂಗಡಿಯಿಂದ ಬಂದ ಹಾಗೇ ಇದೆ. ಯಾವ ವರ್ಷ ಇಡೋದು ಅಂತ ನೀವಿನ್ನೂ ತೀರ್ಮಾನ ಮಾಡಿರ್ಲಿಲ್ಲ.”

ಬೀಗ ತೆರೆಯಿತು. ಮನೆಗೆ ಬಂದು ತಲೆ ತಗ್ಗಿಸಿ ನಿಂತೆ. ಗಿರಿಜೆ ಸವೆದ ಹಿಂದಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ಇದನ್ನ ಮುಂದಿನ ಭಾನುವಾರದೊಳಗೆ ಬದಲಾಯಿಸಿ” ಎಂದಷ್ಟೇ ಹೇಳಿ ಒಳಗೆ ಹೋದಳು. ಶಿಕ್ಷೆ ಏಕೆ ಜಾರಿಯಾಗಲಿಲ್ಲ? ನಾನಾಗಿಯೇ ಫೋನ್ ಮಾಡಿ ಒಪ್ಪಿಕೊಂಡ ನನ್ನ ಪ್ರಾಮಾಣಿಕತೆಗೆ ಸಂದ ಮನ್ನಣೆ ಅದೆಂದು ಇಷ್ಟು ಕಾಲ ನಂಬಿದ್ದೆ.

ಈ ಪ್ರಬಂಧವನ್ನು ಅಲ್ಲಿಗೆ ಮುಗಿಸಿ, ದಿನಾಂಕಕ್ಕೆ ಇನ್ನೊಂದು ಸಾಕ್ಷ್ಯವಿರಲೆಂದು ಈಗಷ್ಟೇ ಅವಳನ್ನು ಕೇಳಿದೆ. “ನನ್ನ ಫೋನಲ್ಲಿ ಮೇಲಿನ ಮನೆ ಸಿಂಧು ಅವತ್ತು ಕಳಿಸಿದ ಫೋಟೋ ಇರ್ಬೇಕು, ನೋಡ್ಕೊಳ್ಳಿ” ಎಂದಳು, ಹಿಟ್ಟಿನಿಂದ ಕೈ ತೆಗೆಯದೆ.

ಹುಡುಕಿದೆ. ದಿನಾಂಕ ಸರಿಯಾಗಿದೆ. ಕಳಿಸಿದ ವೇಳೆ ನಾನು ಫೋನ್ ಮಾಡಿದ್ದಕ್ಕಿಂತ ಮುಂಚಿನದು. ಕಾರಿನ ಕಿಟಕಿಯಿಂದ ತೆಗೆದ ಚಿತ್ರ. ಅದರಲ್ಲಿ ಹಲ್ಲು ಕಚ್ಚಿ ತುಳಿಯುತ್ತಿರುವವರು ಶಿವಯೋಗಪ್ಪನವರು. ಮುಂದಿನ ಕೊಳವೆಯ ಮೇಲೆ ಮೊಣಕಾಲು ಮಡಚಿ ಕುಳಿತವನು ನಾನು. ಭೀತಿಯ ಸುಳಿವೂ ಇಲ್ಲ. ಎರಡೂ ಕೈ ಮೇಲೆತ್ತಿ, ಬಾಯಿ ಅಗಲಿಸಿ, ಕಣ್ಣು ಮುಚ್ಚಿ ನಗುತ್ತಿದ್ದೇನೆ. ಕೆಳಗೆ ಸಿಂಧುವಿನ ಪ್ರಶ್ನೆ: “ಆಂಟಿ, ಇದು ನಮ್ಮ ಅಂಕಲ್ ಅಲ್ವಾ? ಕಾರ್ ನಿಲ್ಲಿಸ್ಲಾ?”

ಅದರ ಕೆಳಗೆ ಗಿರಿಜೆಯ ಉತ್ತರ: “ಬೇಡಮ್ಮ. ಹಾರ್ನೂ ಹೊಡೀಬೇಡ.”