ನಡುವಿನ ಸ್ಪೀಕರ್ ಇಲ್ಲದ ಮನೆ

ತಮಿಳು ಸೀಮೆಯ ಸಿಂಗಾನಲ್ಲೂರಿನಲ್ಲಿ ನಾನು ಬಾಡಿಗೆಗಿರುವ ಮನೆಯ ಕೆಳಗಡೆ ಮಾಲೀಕರ ಸಂಸಾರ. ತಲೆಮಾರುಗಳ ಹಿಂದೆ ಮಗ್ಗದ ಕೆಲಸಕ್ಕೆ ಬಂದು ನೆಲೆನಿಂತ ಕನ್ನಡದವರು. ಮನೆಯ ಅಮ್ಮನವರ ಕನ್ನಡದಲ್ಲಿ ಅರ್ಧ ತಮಿಳು. ನನ್ನ ಕನ್ನಡ ಅವರ ಕಿವಿಗೆ ರೇಡಿಯೋ ವಾರ್ತೆ. ಪಂಪು ಕಾರ್ಖಾನೆಯಲ್ಲಿ ಎಂಜಿನಿಯರ್ ಎಂಬ ಒಂದೇ ಕಾರಣಕ್ಕೆ ಮಿಕ್ಸಿಯಿಂದ ಮೊಬೈಲಿನವರೆಗೆ ಎಲ್ಲ ರಿಪೇರಿಯೂ ನನ್ನ ತಲೆಗೇ ಬರುತ್ತಿತ್ತು. ಆಗುವುದಿಲ್ಲ ಎನ್ನಲು ನನಗೆ ಧೈರ್ಯವಿಲ್ಲ. ಗೊತ್ತಿಲ್ಲ ಎನ್ನುವುದಂತೂ ನನ್ನ ಜಾಯಮಾನದಲ್ಲೇ ಇಲ್ಲ.

ಅವರ ನಡುಮನೆಯಲ್ಲಿ ಹಾಡು ಕೇಳುವ, ನಾಲ್ಕು ಚಾನೆಲ್ಲಿನ ಒಂದು ಹಳೇ ರಿಸೀವರ್ ಇದೆ. ಅಮ್ಮನವರ ಗಂಡ, ನಾವೆಲ್ಲ ಅಯ್ಯ ಎನ್ನುವವರು, ಮಿಲ್ಲಿನಲ್ಲಿದ್ದಾಗ ಊರು ಬಿಟ್ಟು ಹೋಗುತ್ತಿದ್ದ ಮ್ಯಾನೇಜರೊಬ್ಬರಿಂದ ಕೊಂಡದ್ದು. ಎತ್ತಲು ಇಬ್ಬರು ಬೇಕು. ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್, ಒಂದೊಂದಕ್ಕೂ ಬೇರೆ ಚಾನೆಲ್ಲು.

ಅಮ್ಮನವರು ಬೀದಿಯ ಭಜನೆ ಗುಂಪಿನ ಮುಖ್ಯ ಗಾಯಕಿ. ಎಂಜಿನಿಯರಿಂಗ್ ಓದುವ ಮೊಮ್ಮಗಳು ಕಾಲೇಜಿನ ಪ್ರಾಜೆಕ್ಟಿಗೆಂದು ಗುಂಪಿನ ಒಬ್ಬೊಬ್ಬರಿಗೂ ಒಂದೊಂದು ಮೈಕ್ ಇಟ್ಟು ಹಾಡಿಸಿ, ಸುತ್ತಲಿಂದಲೂ ಕೇಳಿಸುವಂಥ ಡಿಸ್ಕ್ ಮಾಡಿದಳು. ಅದಕ್ಕೆ ತಕ್ಕ ಪ್ಲೇಯರನ್ನೂ ತಂದಿಟ್ಟು ಹಾಸ್ಟೆಲಿಗೆ ಹೋದಳು. ಅಮ್ಮನವರು ತಮ್ಮ ಹಾಡು ಕೇಳಿಸಲೆಂದು ಭಾನುವಾರ ಬೆಳಿಗ್ಗೆ ಗುಂಪಿನವರನ್ನೆಲ್ಲ ಮನೆಗೆ ಕರೆದರು. ಜೋಡಿಸುವ ಕೆಲಸ ನನ್ನ ತಲೆಗೆ ಬಂತು.

"ಎಷ್ಟು ನೇರ ಆಗ್ತದೆ ತಂಬಿ?" ಎಂದು ಹೊತ್ತು ಕೇಳಿದರು.

"ನಾಲ್ಕು ವಯರು ಅಮ್ಮಾ, ಹತ್ತು ನಿಮಿಷ" ಎಂದೆ.

ಪ್ಲೇಯರಿನ ಬೆನ್ನಿನಲ್ಲಿ ಆರು ತೂತು, ರಿಸೀವರಿನಲ್ಲಿ ನಾಲ್ಕು. ಮುಂದಿನವೆರಡು, ಹಿಂದಿನವೆರಡು ಸಿಕ್ಕಿಸಿದೆ. ಉಳಿದೆರಡು ಶ್ರೀಮಂತರಿಗಿರಬೇಕು ಅಂದುಕೊಂಡೆ. ಹಾಡು ಕೇಳಲು ಟಿ.ವಿ. ಯಾಕೆಂದು ಅದರ ವಯರನ್ನು ಡಬ್ಬದಲ್ಲೇ ಬಿಟ್ಟೆ.

ಹೆಂಗಸರು ಬಂದು ಕೂತರು. ಡಿಸ್ಕ್ ತಿರುಗಿತು. ಮುಂದೆ ಹಾರ್ಮೋನಿಯಂ, ಡೋಲಕ್. ಹಿಂದಿನ ಮೂಲೆಯಿಂದ ಪಕ್ಕದ ಮನೆಯಾಕೆಯ ತಾಳ, ಅಮ್ಮನವರ ಬಾಯಲ್ಲಿ ಜಾಲ್ರಾ, ಕಿವಿ ಕಿತ್ತುಹೋಗುವಂತೆ. ಎಲ್ಲರೂ ಹಿಂತಿರುಗಿ ನೋಡಿ ನಕ್ಕರು. ಆದರೆ ಮೊದಲ ಸಾಲು ಹಾಡುವವರೇ ಇಲ್ಲ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುವಂತೆ ಕೋರಸ್ಸಿನವರು ಮಾತ್ರ ಹಾಡುತ್ತಿದ್ದರು. ತಮ್ಮ ದನಿಗೆ ಕಾದಿದ್ದ ಅಮ್ಮನವರ ಮುಖ ಇಷ್ಟೇ ಆಯಿತು.

"ನನ್ ಕೊರಲೆಲ್ಲಿ? ಇವಳ ಜಾಲ್ರಾ ಮಾತ್ರ ಬಸ್ ಸ್ಟ್ಯಾಂಡಿಗೆ ಕೇಳೋ ಹಂಗದೆ. ನನ್ನ ಯಾರೋ ಅಳಿಸಿಬಿಟ್ಟವ್ರೆ!"

"ಅಕ್ಕಾ, ನಿಮ್ಮ ಮೊಮ್ಮಗಳಿಗೆ ಒಂದು ಲೋಟ ಕಾಪಿ ಕೊಟ್ಟೆ, ಅಷ್ಟೇ" ಎಂದರು ತಾಳದಾಕೆ. ಅನುಮಾನ ಇನ್ನೂ ಬಲವಾಯಿತು.

ವಯರುಗಳನ್ನು ಅದಲುಬದಲು ಮಾಡಿದೆ. ತಾಳ ಮುಂದಕ್ಕೆ ಬಂತು, ಅಮ್ಮನವರು ಬರಲಿಲ್ಲ. ಬೆವತುಹೋದೆ. ಮಗ್ಗದ ಸದ್ದಿನಲ್ಲಿ ಕಿವಿ ಮಂದವಾಗಿರುವ ಅಯ್ಯ ಟಾರ್ಚ್ ಹಿಡಿದು ಪ್ಲೇಯರಿನ ಹಿಂದೆ ಬಗ್ಗಿದರು.

"ಈ ಎರಡು ತೂತು ಸುಮ್ನೆ ಬಿಟ್ಟಿದೀಯಾ?"

ನನಗೆ ಸಿಟ್ಟು ಬಂತು. ಅದರಲ್ಲೇನಿಲ್ಲ ಎಂದು ತೋರಿಸಲೆಂದೇ ಹಿಂದಿನ ಒಂದು ವಯರನ್ನು ಕಿತ್ತು ಅವುಗಳಲ್ಲೊಂದಕ್ಕೆ ಚುಚ್ಚಿದೆ. ಅಡಿಗೆಮನೆ ಬಾಗಿಲ ಮೂಲೆಯ ಸ್ಪೀಕರಿನಿಂದ ಅಮ್ಮನವರು ಒಬ್ಬರೇ ಹಾಡತೊಡಗಿದರು! ಮೊಮ್ಮಗಳು ಅಜ್ಜಿಗೆ ಮರ್ಯಾದೆ ಕೊಟ್ಟು, ಮುಂದಿನೆರಡರ ನಡುವೆ ಇರಬೇಕಾದ ಸ್ಪೀಕರಿನಲ್ಲಿ ಅವರೊಬ್ಬರನ್ನೇ ಕೂರಿಸಿದ್ದಳು. ಈ ಮನೆಯಲ್ಲಿ ನಡುವಿನ ಸ್ಪೀಕರೇ ಇರಲಿಲ್ಲ.

ಕಿತ್ತ ವಯರನ್ನು ಮೊದಲಿನ ಜಾಗಕ್ಕೇ ಹಾಕಿ, ಮಾನ ಬಿಟ್ಟು ಟಿ.ವಿ. ವಯರನ್ನೂ ಜೋಡಿಸಿದೆ. ಪರದೆಯ ಮೇಲೆ ಸ್ಪೀಕರುಗಳ ಪಟ್ಟಿ ಬಂತು. ನಡುವಿನದು 'ಇದೆ' ಎಂದಿದ್ದದ್ದನ್ನು 'ಇಲ್ಲ' ಮಾಡಿದೆ. ಅಮ್ಮನವರ ದನಿ ಮುಂದಿನ ಎರಡೂ ಪೆಟ್ಟಿಗೆಗಳಿಗೆ ಹಂಚಿಹೋಗಿ, ತಾಳವನ್ನೂ ಮೀರಿ ಬಂತು.

ಹೊಗಳಿಕೆಗೆ ಕಾದು ನಿಂತೆ. ಅಮ್ಮನವರು ಎರಡು ಸಾಲು ಕೇಳಿ ಬೆಪ್ಪಾದರು.

"ಇದಾ ನನ್ ಕೊರಲು? ತಗಡು ಕೆರೆದಂಗದೆ. ಮೊದಲಿದ್ದಂಗೇ ಮಾಡ್ಬಿಡು ತಂಬಿ. ಜಾಲ್ರಾನೇ ಸಾಕು."

ಅಮ್ಮನವರು ಎದ್ದೇಬಿಟ್ಟಿದ್ದರು. ಕಣ್ಣು ತುಂಬಿತ್ತು. ನನಗೆ ನಿಜಕ್ಕೂ ಸಂಕಟವಾಯಿತು; ರಿಮೋಟ್ ಎತ್ತಿಕೊಂಡೆ. ಅಯ್ಯ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ಅವಳ್ದೇ ಅದು. ಅಡಿಗೆಮನೇಲಿ ಹಿಂಗೇ ಹಾಡ್ತಾಳೆ. ದಿನಾ ಬಾಗ್ಲಲ್ಲಿ ನಿಂತು ಕೇಳ್ತೀನಲ್ಲಾ."

"ಕಾಪಿಗೆ ನಿಂತವ್ರೆ ಅಂದ್ಕೊಂಡಿದ್ದೆ" ಎಂದರು ಅಮ್ಮನವರು. "ನಿಮ್ಗೆ ಕಿವೀನೇ ಕೇಳಲ್ವಲ್ಲಾ!"

"ಅದಕ್ಕೇ ಹತ್ರ ಬಂದು ನಿಲ್ಲೋದು."

ಅಮ್ಮನವರು ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ತಮ್ಮ ಜಾಗದಲ್ಲೇ ಕೂತರು.